ಪ್ರೊಸೆಸರ್ ಸಿಮ್ಯುಲೇಟರ್‌ಗಳಲ್ಲಿ ಫ್ಲೋಟಿಂಗ್ ಪಾಯಿಂಟ್ ಘಟಕದ ಮಾದರಿ

ಒಂದು ಪ್ರೊಸೆಸರಿನ ನಡವಳಿಕೆಯನ್ನು ಬೇರೊಂದು ಕಂಪ್ಯೂಟರಿನಲ್ಲಿ ಸಾಫ್ಟ್‌ವೇರ್ ಮೂಲಕ ನಡೆಸಿ ತೋರಿಸುವ ಪ್ರೋಗ್ರಾಮನ್ನು ಪ್ರೊಸೆಸರ್ ಸಿಮ್ಯುಲೇಟರ್ ಎನ್ನುತ್ತಾರೆ. ಚಿಪ್ ತಯಾರಾಗುವ ಮೊದಲೇ ಅದರ ಸಾಫ್ಟ್‌ವೇರ್ ಬರೆಯಲು, ಹೊಸ ವಿನ್ಯಾಸದ ವೇಗವನ್ನು ಅಂದಾಜು ಮಾಡಲು, ಬಳಕೆ ತಪ್ಪಿದ ಯಂತ್ರಗಳ ಪ್ರೋಗ್ರಾಮುಗಳನ್ನು ಮತ್ತೆ ಓಡಿಸಲು, ತರಗತಿಯಲ್ಲಿ ಪೈಪ್‌ಲೈನ್ ಪಾಠ ಮಾಡಲು ಅದು ಬೇಕಾಗುತ್ತದೆ. ಭಿನ್ನಭಾಗವುಳ್ಳ ಸಂಖ್ಯೆಗಳನ್ನು ಕೂಡಿ, ಕಳೆದು, ಗುಣಿಸಿ, ಭಾಗಿಸುವ ಫ್ಲೋಟಿಂಗ್ ಪಾಯಿಂಟ್ ಘಟಕ ಈ ಸಿಮ್ಯುಲೇಟರಿನೊಳಗೆ ಹೆಚ್ಚು ಎಚ್ಚರ ಬೇಡುವ ಭಾಗಗಳಲ್ಲಿ ಒಂದು. 32 ಬಿಟ್ ಪೂರ್ಣಾಂಕಗಳ ಸಂಕಲನಕ್ಕೆ ಇಂದಿನ ಎಲ್ಲ ಯಂತ್ರಗಳೂ ಒಂದೇ ಉತ್ತರ ಕೊಡುತ್ತವೆ. ಫ್ಲೋಟಿಂಗ್ ಪಾಯಿಂಟ್‌ನಲ್ಲಿ ಹಾಗಿಲ್ಲ. ಅಲ್ಲಿ ಉತ್ತರ ರೂಪದೊಳಗೆ ಹಿಡಿಸದಿದ್ದಾಗ ಅದನ್ನು ಹತ್ತಿರದ ಸಂಖ್ಯೆಗೆ ಒಗ್ಗಿಸಬೇಕು. ಹಾಗೆ ಒಗ್ಗಿಸುವ, ಅಂದರೆ ರೌಂಡಿಂಗ್ ಮಾಡುವ ರೀತಿ, ಆಗ ಎತ್ತಬೇಕಾದ ಫ್ಲ್ಯಾಗ್ ಎಂಬ ಸೂಚನಾ ಬಿಟ್, ಅದಕ್ಕೆ ಹಿಡಿಯುವ ಸಮಯ ಯಂತ್ರದಿಂದ ಯಂತ್ರಕ್ಕೆ ಬೇರೆಯಾಗಬಹುದು.

ಈ ಮಾದರಿ ಎರಡು ಪ್ರಶ್ನೆಗಳಿಗೆ ಉತ್ತರಿಸಬೇಕು: ಬರುವ ಉತ್ತರ ಯಾವುದು, ಮತ್ತು ಅದು ಎಷ್ಟು ಹೊತ್ತಿಗೆ ಬರುತ್ತದೆ. ಮೊದಲನೆಯದನ್ನು ಕಾರ್ಯಮಾದರಿ, ಎರಡನೆಯದನ್ನು ಕಾಲಮಾದರಿ ಎಂದು ಕರೆಯಬಹುದು. ಹೆಚ್ಚಿನ ಸಿಮ್ಯುಲೇಟರ್‌ಗಳಲ್ಲಿ ಇವೆರಡೂ ಬೇರೆ ಬೇರೆ ಕೋಡ್ ಆಗಿರುತ್ತವೆ. ಹಾಗಾಗಿ ಒಂದು ತೀರ ನಿಖರವಾಗಿದ್ದು ಇನ್ನೊಂದು ಒರಟಾಗಿರುವುದು ಸಾಮಾನ್ಯ. ಯಾವುದು ಹೇಗಿದೆ ಎಂದು ತಿಳಿಯದೆ ಸಿಮ್ಯುಲೇಟರಿನ ಫಲಿತಾಂಶವನ್ನು ನಂಬುವುದು ಸರಿಯಲ್ಲ.

ಐಇಇಇ 754 ಮಾನಕ

1980ಕ್ಕೆ ಮೊದಲು ಪ್ರತಿ ಕಂಪನಿಗೂ ತನ್ನದೇ ಅಂಕರೂಪ ಇತ್ತು. ಐಬಿಎಂ ಸಿಸ್ಟಂ/360 ಘಾತವನ್ನು 16ರ ಆಧಾರದಲ್ಲಿ ಇಡುತ್ತಿತ್ತು. ವ್ಯಾಕ್ಸ್ ಯಂತ್ರದ ರೂಪ ಬೇರೆ, ಕ್ರೇ ಯಂತ್ರದ್ದು ಮತ್ತೂ ಬೇರೆ. ಇಂಟೆಲ್ 1980ರಲ್ಲಿ ತಂದ 8087 ಸಹಪ್ರೊಸೆಸರಿನ ಸಿದ್ಧತೆಯಲ್ಲಿ ಭಾಗಿಯಾಗಿದ್ದ ಬರ್ಕ್ಲಿಯ ಗಣಿತಜ್ಞ ವಿಲಿಯಂ ಕಹಾನ್ ಅವರ ಮುಂದಾಳುತನದಲ್ಲಿ ಒಂದು ಸಾಮಾನ್ಯ ಮಾನಕ ರೂಪುಗೊಂಡು 1985ರಲ್ಲಿ ಐಇಇಇ 754 ಎಂಬ ಹೆಸರಿನಲ್ಲಿ ಅಂಗೀಕಾರವಾಯಿತು. ಕಹಾನ್ ಅವರಿಗೆ 1989ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಮಾನಕ 2008ರಲ್ಲೂ 2019ರಲ್ಲೂ ಪರಿಷ್ಕರಣೆಗೊಂಡಿದೆ.

ಮಾನಕದ 32 ಬಿಟ್ ರೂಪದಲ್ಲಿ 1 ಬಿಟ್ ಚಿಹ್ನೆಗೆ, 8 ಬಿಟ್ ಘಾತಕ್ಕೆ, 23 ಬಿಟ್ ಭಿನ್ನಭಾಗಕ್ಕೆ ಮೀಸಲು. 64 ಬಿಟ್ ರೂಪದಲ್ಲಿ ಈ ಹಂಚಿಕೆ 1, 11, 52. ಘಾತದ ಎಲ್ಲ ಬಿಟ್‌ಗಳೂ 1 ಆಗಿದ್ದರೆ ಅದು ಅನಂತ ಅಥವಾ ನ್ಯಾನ್, ಅಂದರೆ ಸಂಖ್ಯೆಯೇ ಅಲ್ಲದ ಬೆಲೆ. ಘಾತವೆಲ್ಲ 0 ಆಗಿದ್ದು ಭಿನ್ನಭಾಗದಲ್ಲಿ ಏನಾದರೂ ಉಳಿದಿದ್ದರೆ ಅದು ಸಬ್‌ನಾರ್ಮಲ್, ಅಂದರೆ ಸೊನ್ನೆಯ ಹತ್ತಿರದ ಅತಿ ಸಣ್ಣ ಸಂಖ್ಯೆ. ಒಂದು ಕ್ರಿಯೆ ನಡೆದಾಗ ಅಮಾನ್ಯ, ಸೊನ್ನೆಯಿಂದ ಭಾಗಾಕಾರ, ಮೇಲುಕ್ಕು, ಕೆಳಜಾರು, ನಿಖರವಲ್ಲದ ಉತ್ತರ ಎಂಬ ಐದು ಬಗೆಯ ಸೂಚನೆಗಳು ಏಳಬಹುದು. ಒಮ್ಮೆ ಎದ್ದ ಫ್ಲ್ಯಾಗ್ ಪ್ರೋಗ್ರಾಂ ತಾನಾಗಿ ಅಳಿಸುವ ತನಕ ಹಾಗೇ ಉಳಿಯುತ್ತದೆ. ಮುಂದೆ ನೋಡುವಂತೆ, ಈ ಚಿಕ್ಕ ನಿಯಮ ಸಿಮ್ಯುಲೇಟರ್ ಬರೆಯುವವರಿಗೆ ಕಷ್ಟವನ್ನೂ ತಂದಿದೆ, ದೊಡ್ಡ ಅನುಕೂಲವನ್ನೂ ಮಾಡಿಕೊಟ್ಟಿದೆ.

ಮಾನಕ ಬಂದ ಮೇಲೂ ಯಂತ್ರಗಳ ನಡುವೆ ವ್ಯತ್ಯಾಸ ಉಳಿದೇ ಇದೆ, ಏಕೆಂದರೆ ಹಲವು ಸಂಗತಿಗಳನ್ನು ಮಾನಕ ತಯಾರಕರಿಗೇ ಬಿಟ್ಟಿದೆ. ಉತ್ತರ ಕೆಳಜಾರಿತೇ ಎಂಬುದನ್ನು ಆರ್ಮ್ ಪ್ರೊಸೆಸರ್‌ಗಳು ರೌಂಡಿಂಗ್‌ಗೆ ಮೊದಲು ನೋಡುತ್ತವೆ. ಇಂಟೆಲ್ ಬಗೆಯ ಎಕ್ಸ್86 ಮತ್ತು ರಿಸ್ಕ್-ಫೈವ್ ಪ್ರೊಸೆಸರ್‌ಗಳು ರೌಂಡಿಂಗ್ ಆದ ಮೇಲೆ ನೋಡುತ್ತವೆ. ಅಮಾನ್ಯ ಕ್ರಿಯೆಯಿಂದ ಹುಟ್ಟುವ ನ್ಯಾನ್‌ನ ಚಿಹ್ನೆ ಬಿಟ್ ಎಕ್ಸ್86ನಲ್ಲಿ 1, ರಿಸ್ಕ್-ಫೈವ್‌ನಲ್ಲಿ 0. ತೀರ ದೊಡ್ಡ ಸಂಖ್ಯೆಯೊಂದನ್ನು 32 ಬಿಟ್ ಪೂರ್ಣಾಂಕಕ್ಕೆ ಬದಲಿಸಲು ಹೋದರೆ ಎಕ್ಸ್86 ಅತಿ ಕನಿಷ್ಠ ಋಣ ಪೂರ್ಣಾಂಕವನ್ನು ಕೊಡುತ್ತದೆ. ಆರ್ಮ್ ಮತ್ತು ರಿಸ್ಕ್-ಫೈವ್ ಅತಿ ದೊಡ್ಡ ಧನ ಪೂರ್ಣಾಂಕದಲ್ಲಿ ನಿಲ್ಲುತ್ತವೆ. ಕೊಟ್ಟದ್ದು ನ್ಯಾನ್ ಆದರೆ ಆರ್ಮ್ ಸೊನ್ನೆ ಕೊಡುತ್ತದೆ, ರಿಸ್ಕ್-ಫೈವ್ ಅತಿ ದೊಡ್ಡ ಧನ ಪೂರ್ಣಾಂಕ ಕೊಡುತ್ತದೆ. ಹಳೆಯ ಮಿಪ್ಸ್ ಪ್ರೊಸೆಸರ್‌ಗಳಲ್ಲಿ ಶಾಂತ ನ್ಯಾನ್ ಮತ್ತು ಎಚ್ಚರಿಸುವ ನ್ಯಾನ್‌ಗಳನ್ನು ಬೇರ್ಪಡಿಸುವ ಬಿಟ್‌ನ ಅರ್ಥವೇ ತಲೆಕೆಳಗು. ಇವೆಲ್ಲ ಮೂಲೆಯ ಸಂಗತಿಗಳಂತೆ ಕಂಡರೂ ಆಪರೇಟಿಂಗ್ ಸಿಸ್ಟಂ, ಗಣಿತದ ಲೈಬ್ರರಿ, ಕಂಪೈಲರ್ ಪರೀಕ್ಷೆಗಳು ಸರಿಯಾಗಿ ಇವುಗಳ ಮೇಲೇ ಎಡವುತ್ತವೆ.

ಹೋಸ್ಟ್ ಯಂತ್ರದ ಲೆಕ್ಕವನ್ನು ಎರವಲು ಪಡೆಯುವುದು

ಕಾರ್ಯಮಾದರಿ ಕಟ್ಟುವ ಸುಲಭದ ದಾರಿ, ಸಿಮ್ಯುಲೇಟರ್ ಓಡುತ್ತಿರುವ ಹೋಸ್ಟ್ ಯಂತ್ರದ ಫ್ಲೋಟಿಂಗ್ ಪಾಯಿಂಟ್ ಘಟಕಕ್ಕೇ ಕೆಲಸ ಒಪ್ಪಿಸುವುದು. ಸಿ ಭಾಷೆಯಲ್ಲಿ ಎರಡು ಚರಾಂಶಗಳ ನಡುವೆ ಒಂದು ಕೂಡು ಚಿಹ್ನೆ ಇಟ್ಟರೆ ಮುಗಿಯಿತು. ತರಗತಿಯ ಸಿಮ್ಯುಲೇಟರ್‌ಗಳಿಗೆ ಇಷ್ಟು ಸಾಕು, ವೇಗವೂ ಚೆನ್ನಾಗಿರುತ್ತದೆ. ಆದರೆ ಎಲ್ಲಿಯ ತನಕ ಇದು ಸರಿ, ಎಲ್ಲಿಂದ ತಪ್ಪು ಎಂಬ ಗಡಿಯನ್ನು ಗಣಿತ ಸ್ಪಷ್ಟವಾಗಿ ಗುರುತಿಸಿ ಕೊಟ್ಟಿದೆ. ಅದನ್ನು ತಿಳಿದೇ ಈ ದಾರಿ ಹಿಡಿಯಬೇಕು.

ಗುರಿ ಪ್ರೊಸೆಸರಿನ, ಅಂದರೆ ಅನುಕರಿಸಬೇಕಾದ ಪ್ರೊಸೆಸರಿನ, 32 ಬಿಟ್ ಲೆಕ್ಕವನ್ನು ಹೋಸ್ಟ್‌ನ 64 ಬಿಟ್ ರೂಪದಲ್ಲಿ ಮಾಡುವ ಸಿಮ್ಯುಲೇಟರನ್ನು ತೆಗೆದುಕೊಳ್ಳೋಣ. 32 ಬಿಟ್ ರೂಪದಲ್ಲಿ 16777216ಕ್ಕೆ 1 ಕೂಡಿದರೆ ಉತ್ತರ 16777216ರಲ್ಲೇ ಉಳಿಯುತ್ತದೆ, ಏಕೆಂದರೆ ಭಿನ್ನಭಾಗದ 23 ಬಿಟ್‌ಗಳಿಗೆ ಬರೆಯದೆ ಬಿಡುವ ಮುಂಚೂಣಿಯ 1 ಸೇರಿ ಆಗುವ 24 ಬಿಟ್‌ಗಳ ನಿಖರತೆಯಲ್ಲಿ 16777217 ಹಿಡಿಸುವುದಿಲ್ಲ. 64 ಬಿಟ್ ರೂಪದಲ್ಲಿ ಅದು ಸಲೀಸಾಗಿ ಹಿಡಿಸುತ್ತದೆ. ಹಾಗಾಗಿ ಪ್ರತಿ ಕ್ರಿಯೆಯ ನಂತರ ಉತ್ತರವನ್ನು 32 ಬಿಟ್‌ಗೆ ಇಳಿಸದಿದ್ದರೆ ಸಿಮ್ಯುಲೇಟರ್ ಗುರಿ ಯಂತ್ರಕ್ಕಿಂತ ಹೆಚ್ಚು ನಿಖರವಾಗಿಬಿಡುತ್ತದೆ, ಅದು ದೋಷವೇ. ಇಳಿಸಿದರೆ? ಆಗ ರೌಂಡಿಂಗ್ ಎರಡು ಸಲ ನಡೆಯುತ್ತದೆ: ಮೊದಲು 53 ಬಿಟ್‌ಗೆ, ಆಮೇಲೆ 24 ಬಿಟ್‌ಗೆ. ದೊಡ್ಡ ರೂಪದ ನಿಖರತೆ ಸಣ್ಣ ರೂಪದ ಎರಡರಷ್ಟಕ್ಕಿಂತ ಕನಿಷ್ಠ 2 ಬಿಟ್ ಹೆಚ್ಚಿದ್ದರೆ ಸಂಕಲನ, ವ್ಯವಕಲನ, ಗುಣಾಕಾರ, ಭಾಗಾಕಾರ, ವರ್ಗಮೂಲಗಳಲ್ಲಿ ಈ ಎರಡು ಸಲದ ರೌಂಡಿಂಗ್ ಹಾನಿ ಮಾಡುವುದಿಲ್ಲ ಎಂದು ಸ್ಯಾಮ್ಯುಯಲ್ ಫಿಗೆರೋವ 1995ರಲ್ಲಿ ತೋರಿಸಿದರು. 24ರ ಎರಡರಷ್ಟು 48, ಅದಕ್ಕೆ 2 ಸೇರಿದರೆ 50. 53 ಅದಕ್ಕಿಂತ ಹೆಚ್ಚಾದ್ದರಿಂದ ಈ ಐದು ಕ್ರಿಯೆಗಳಿಗೆ ಭಯವಿಲ್ಲ.

ಭಯವಿರುವುದು ಬೆಸೆದ ಗುಣಾಕಾರ-ಸಂಕಲನದಲ್ಲಿ. ಎರಡು ಸಂಖ್ಯೆಗಳನ್ನು ಗುಣಿಸಿ, ಆ ಗುಣಲಬ್ಧವನ್ನು ನಡುವೆ ರೌಂಡ್ ಮಾಡದೆ, ಮೂರನೆಯದನ್ನು ಕೂಡಿ ಕೊನೆಗೊಮ್ಮೆ ಮಾತ್ರ ರೌಂಡ್ ಮಾಡುವ ಈ ಕ್ರಿಯೆ 2008ರ ಪರಿಷ್ಕರಣೆಯಲ್ಲಿ ಮಾನಕದ ಭಾಗವಾಯಿತು. ಇಂದಿನ ವೈಜ್ಞಾನಿಕ ಲೆಕ್ಕ ಹಾಗೂ ಕೃತಕ ಬುದ್ಧಿಮತ್ತೆಯ ಪ್ರೋಗ್ರಾಮುಗಳು ಬಹುಪಾಲು ಇದರ ಮೇಲೇ ನಿಂತಿವೆ. ಫಿಗೆರೋವ ಅವರ ಭರವಸೆ ಇದಕ್ಕೆ ಅನ್ವಯಿಸುವುದಿಲ್ಲ. 24 ಬಿಟ್‌ಗಳ ಎರಡು ಸಂಖ್ಯೆಗಳ ಗುಣಲಬ್ಧ 48 ಬಿಟ್‌ಗಳಲ್ಲಿ ಪೂರ್ತಿ ಹಿಡಿಸುತ್ತದೆ, ನಿಜ. ಆದರೆ ಬಹಳ ಬೇರೆ ಘಾತದ ಮೂರನೆಯ ಸಂಖ್ಯೆಯನ್ನು ಅದಕ್ಕೆ ಕೂಡಿದಾಗ 53 ಬಿಟ್ ಸಾಲದೆ ರೌಂಡಿಂಗ್ ನಡೆದು, ಮತ್ತೆ 24ಕ್ಕೆ ಇಳಿಸುವಾಗ ಕೆಲವೊಮ್ಮೆ ಕೊನೆಯ ಬಿಟ್ ತಪ್ಪುತ್ತದೆ. ಸಾವಿರಾರು ಪರೀಕ್ಷೆಗಳಲ್ಲಿ ಕಾಣದೆ ಒಂದು ದಿನ ದಿಢೀರನೆ ಎದುರಾಗುವ ಬಗೆಯ ದೋಷ ಇದು.

ಫ್ಲ್ಯಾಗ್‌ಗಳದು ಇನ್ನೊಂದು ತೊಡಕು. ಹೋಸ್ಟ್ ಯಂತ್ರದ ರೌಂಡಿಂಗ್ ವಿಧಾನವನ್ನು ಬದಲಿಸಲು, ಫ್ಲ್ಯಾಗ್‌ಗಳನ್ನು ಓದಲು ಸಿ99 ಮಾನಕ ಫಂಕ್ಷನ್‌ಗಳನ್ನು ಒದಗಿಸಿದೆ. ಆದರೆ ಪ್ರತಿ ಕ್ರಿಯೆಗೂ ಫ್ಲ್ಯಾಗ್ ಅಳಿಸಿ, ಲೆಕ್ಕ ಮಾಡಿ, ಫ್ಲ್ಯಾಗ್ ಓದುವುದು ನಿಧಾನ. ಸಾಲದ್ದಕ್ಕೆ ಕಂಪೈಲರ್‌ಗಳು ಈ ಫಂಕ್ಷನ್‌ಗಳ ಆಚೀಚೆಗೆ ಲೆಕ್ಕವನ್ನು ಸರಿಸಿಬಿಡಬಹುದು. ಎಕ್ಸ್86 ಪ್ರೊಸೆಸರ್‌ಗಳ ಹಳೆಯ ಎಕ್ಸ್87 ಫ್ಲೋಟಿಂಗ್ ಪಾಯಿಂಟ್ ಘಟಕದ 80 ಬಿಟ್ ರಿಜಿಸ್ಟರ್‌ಗಳ ವಿಷಯ ಇನ್ನೂ ಬೇರೆ. ಆ ರೂಪವೇ ಇಲ್ಲದ ಆರ್ಮ್ ಹೋಸ್ಟ್ ಮೇಲೆ ಹಳೆಯ ಪರ್ಸನಲ್ ಕಂಪ್ಯೂಟರನ್ನು ಸಿಮ್ಯುಲೇಟ್ ಮಾಡಬೇಕಾದರೆ ಎರವಲು ಪಡೆಯಲು ಅಲ್ಲಿ ಏನೂ ಇರುವುದಿಲ್ಲ. ಸಂಶೋಧನಾ ಸಿಮ್ಯುಲೇಟರ್ ಜೆಮ್5 ಈ 80 ಬಿಟ್ ರಿಜಿಸ್ಟರ್‌ಗಳನ್ನು 64 ಬಿಟ್ ರೂಪದಲ್ಲಿ ಇಟ್ಟುಕೊಂಡು ನಡೆದದ್ದುಂಟು. ಎಕ್ಸ್87 ಕೋಡ್ ಇರುವ ಹಳೆಯ ಪ್ರೋಗ್ರಾಮುಗಳನ್ನು ಅದರಲ್ಲಿ ಓಡಿಸುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು.

ಸಾಫ್ಟ್‌ಫ್ಲೋಟ್: ಪೂರ್ಣಾಂಕಗಳಿಂದಲೇ ಕಟ್ಟಿದ ಲೆಕ್ಕ

ಎರಡನೆಯ ದಾರಿ ಹೋಸ್ಟ್‌ನ ಫ್ಲೋಟಿಂಗ್ ಪಾಯಿಂಟ್ ಘಟಕವನ್ನು ಮುಟ್ಟದೆ, ಚಿಹ್ನೆ, ಘಾತ, ಭಿನ್ನಭಾಗಗಳನ್ನು ಬಿಡಿಸಿ ಪೂರ್ಣಾಂಕ ಕ್ರಿಯೆಗಳಿಂದಲೇ ಉತ್ತರ ಕಟ್ಟುವುದು. ಸಂಕಲನವಾದರೆ ಎರಡು ಘಾತಗಳನ್ನು ಹೋಲಿಸಬೇಕು, ಸಣ್ಣ ಸಂಖ್ಯೆಯ ಭಿನ್ನಭಾಗವನ್ನು ಬಲಕ್ಕೆ ಸರಿಸಬೇಕು, ಕೂಡಬೇಕು, ಮುಂಚೂಣಿಯ ಸೊನ್ನೆಗಳನ್ನು ಎಣಿಸಿ ಎಡಕ್ಕೆ ಸರಿಸಬೇಕು, ಕೊನೆಗೆ ರೌಂಡ್ ಮಾಡಬೇಕು. ಬಲಕ್ಕೆ ಸರಿದು ಬಿದ್ದುಹೋಗುವ ಬಿಟ್‌ಗಳನ್ನು ಪೂರ್ತಿ ಮರೆಯುವಂತಿಲ್ಲ. ಗಾರ್ಡ್ ಮತ್ತು ರೌಂಡ್ ಎಂಬ ಎರಡು ಹೆಚ್ಚುವರಿ ಬಿಟ್‌ಗಳ ಜೊತೆ, ಬಿದ್ದವುಗಳಲ್ಲಿ ಒಂದಾದರೂ 1 ಇತ್ತೇ ಎಂದು ನೆನಪಿಡುವ ಸ್ಟಿಕಿ ಬಿಟ್ ಇದ್ದರೆ ಸರಿಯಾದ ರೌಂಡಿಂಗ್‌ಗೆ ಸಾಕು. ಹಾರ್ಡ್‌ವೇರ್ ಮಾಡುವುದೂ ಇದನ್ನೇ. ಆದ್ದರಿಂದ ಈ ಬಗೆಯ ಕೋಡ್ ಓದಿದವರಿಗೆ ಘಟಕದ ಒಳಗಿನ ಸರ್ಕ್ಯೂಟ್ ಕೂಡ ಅರ್ಥವಾಗುತ್ತದೆ. ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕದ ಚಿತ್ರಕ್ಕಿಂತ ಇದು ಹೆಚ್ಚು ಕಲಿಸುತ್ತದೆ ಎಂಬುದು ಈ ಲೇಖಕರ ಅಭಿಪ್ರಾಯ.

ಈ ಕ್ಷೇತ್ರದ ಆಧಾರಗ್ರಂಥ ಎನ್ನಬಹುದಾದ ಕೋಡ್, ಬರ್ಕ್ಲಿಯ ಜಾನ್ ಹೌಸರ್ ಬರೆದ ಸಾಫ್ಟ್‌ಫ್ಲೋಟ್. ಅದರ ಜೊತೆಗೇ ಟೆಸ್ಟ್‌ಫ್ಲೋಟ್ ಎಂಬ ಪರೀಕ್ಷಾ ಸಾಧನವನ್ನೂ ಅವರು ಕೊಟ್ಟರು. ರಿಸ್ಕ್-ಫೈವ್‌ನ ಪ್ರಮಾಣ ಸಿಮ್ಯುಲೇಟರ್ ಸ್ಪೈಕ್, ಪರ್ಸನಲ್ ಕಂಪ್ಯೂಟರ್ ಸಿಮ್ಯುಲೇಟರ್ ಬಾಕ್ಸ್, ಫಾಬ್ರಿಸ್ ಬೆಲ್ಲಾರ್ 2003ರಲ್ಲಿ ಆರಂಭಿಸಿದ ಕ್ಯುಎಮು ಎಲ್ಲವೂ ಸಾಫ್ಟ್‌ಫ್ಲೋಟ್ ಅಥವಾ ಅದರಿಂದ ಬೆಳೆದ ಕೋಡನ್ನು ಬಳಸುತ್ತವೆ. ವ್ಯಾಕ್ಸ್, ಪಿಡಿಪಿ-11ರಂಥ ಹಳೆಯ ಯಂತ್ರಗಳನ್ನು ಉಳಿಸಿಕೊಂಡಿರುವ ಬಾಬ್ ಸಪ್ನಿಕ್ ಅವರ ಸಿಮ್‌ಎಚ್ ಕೂಡ ಪೂರ್ಣಾಂಕಗಳ ದಾರಿಯನ್ನೇ ಹಿಡಿದಿದೆ. ಐಇಇಇ ರೂಪವೇ ಅಲ್ಲದ ಅಂಕಗಳಿಗೆ ಬೇರೆ ದಾರಿಯೂ ಇಲ್ಲ.

ಇದಕ್ಕೆ ತೆರುವ ಬೆಲೆ ವೇಗ. ಹೋಸ್ಟ್‌ನ ಒಂದು ಇನ್‌ಸ್ಟ್ರಕ್ಷನ್ ಮಾಡುವ ಕೆಲಸಕ್ಕೆ ಹತ್ತಾರು ಇನ್‌ಸ್ಟ್ರಕ್ಷನ್‌ಗಳು ಬೇಕಾಗುತ್ತವೆ. ಕ್ಯುಎಮು 2019ರ 4.0 ಆವೃತ್ತಿಯಲ್ಲಿ ಇದಕ್ಕೆ ಕಂಡುಕೊಂಡ ಉಪಾಯ ಬಹಳ ಚೆಂದದ್ದು. ಹೋಸ್ಟ್‌ನಲ್ಲಿ ಲೆಕ್ಕ ಮಾಡಿದಾಗ ತಿಳಿಯಲು ದುಬಾರಿಯಾದ ಸಂಗತಿ, ಉತ್ತರ ನಿಖರವೇ ಅಲ್ಲವೇ ಎಂಬುದು. ಆದರೆ ಆ ಫ್ಲ್ಯಾಗ್ ಒಮ್ಮೆ ಎದ್ದರೆ ತಾನಾಗಿ ಇಳಿಯುವುದಿಲ್ಲ. ಸಾಮಾನ್ಯ ಪ್ರೋಗ್ರಾಮುಗಳು ಅದನ್ನು ಅಳಿಸುವುದೂ ಇಲ್ಲ. ಹಾಗಾಗಿ ಗುರಿ ಯಂತ್ರದ ಆ ಫ್ಲ್ಯಾಗ್ ಈಗಾಗಲೇ ಎದ್ದಿದ್ದು, ರೌಂಡಿಂಗ್ ಹತ್ತಿರದ ಸಮ ಸಂಖ್ಯೆಯ ವಿಧಾನದಲ್ಲಿದ್ದು, ಕೊಟ್ಟ ಸಂಖ್ಯೆಗಳು ಸೊನ್ನೆ ಅಥವಾ ಸಾಮಾನ್ಯ ಸಂಖ್ಯೆಗಳಾಗಿದ್ದರೆ ಲೆಕ್ಕವನ್ನು ಹೋಸ್ಟ್‌ಗೆ ಒಪ್ಪಿಸಬಹುದು. ಉತ್ತರ ಅನಂತವಾಗಿ ಬಂದರೆ ಮೇಲುಕ್ಕು ಫ್ಲ್ಯಾಗ್ ಎತ್ತಬೇಕು, ತೀರ ಸಣ್ಣದಾಗಿ ಬಂದರೆ ಸಾಫ್ಟ್‌ಫ್ಲೋಟ್ ದಾರಿಗೆ ಮರಳಬೇಕು. ಪ್ರೋಗ್ರಾಂ ಆರಂಭವಾದ ಕೆಲವೇ ಕ್ಷಣಗಳಲ್ಲಿ ಈ ಷರತ್ತುಗಳು ಕೂಡಿಬರುವುದರಿಂದ ಬಹುತೇಕ ಲೆಕ್ಕ ವೇಗದ ದಾರಿಯಲ್ಲೇ ಸಾಗುತ್ತದೆ, ಉತ್ತರದ ಒಂದು ಬಿಟ್ ಕೂಡ ಬದಲಾಗುವುದಿಲ್ಲ. ಮಾನಕದ ಒಂದು ಸಣ್ಣ ನಿಯಮವನ್ನು ಆಳವಾಗಿ ಅರ್ಥ ಮಾಡಿಕೊಂಡರೆ ನಿಖರತೆ ಮತ್ತು ವೇಗ ಎರಡೂ ಸಿಗುತ್ತವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮಾನಕಕ್ಕೆ ಹೊರಗಿನ ಯಂತ್ರಗಳು

ಗೇಮ್ ಕನ್ಸೋಲ್‌ಗಳ ಸಿಮ್ಯುಲೇಟರ್ ಬರೆದವರು ಈ ವಿಷಯದಲ್ಲಿ ಪಟ್ಟ ಪಾಡು ದೊಡ್ಡದು. ಪ್ಲೇಸ್ಟೇಷನ್ 2ರ ಪ್ರೊಸೆಸರಿನಲ್ಲಿ ಅನಂತವಾಗಲಿ ನ್ಯಾನ್ ಆಗಲಿ ಇರಲಿಲ್ಲ. ಘಾತದ ಬಿಟ್‌ಗಳೆಲ್ಲ 1 ಆಗಿದ್ದರೂ ಅದು ದೊಡ್ಡದೊಂದು ಸಾಮಾನ್ಯ ಸಂಖ್ಯೆಯೇ. ರೌಂಡಿಂಗ್ ಸದಾ ಸೊನ್ನೆಯ ಕಡೆಗೆ, ಸಬ್‌ನಾರ್ಮಲ್‌ಗಳೆಲ್ಲ ಸೊನ್ನೆ. ಎಕ್ಸ್86 ಹೋಸ್ಟ್‌ನಲ್ಲಿ ಅದೇ ಬಿಟ್‌ಗಳು ಅನಂತ ಅಥವಾ ನ್ಯಾನ್ ಆಗಿ ಓದಿಸಿಕೊಂಡು ಒಂದು ಲೆಕ್ಕದಿಂದ ಇನ್ನೊಂದಕ್ಕೆ ಹರಡುತ್ತ ಹೋಗುತ್ತವೆ. ಪಾತ್ರಗಳು ನೆಲದೊಳಗೆ ಇಳಿಯುವುದು, ದೃಶ್ಯದ ತುಣುಕುಗಳು ಪರದೆಯಾಚೆಗೆ ಚೆಲ್ಲಾಪಿಲ್ಲಿಯಾಗುವುದು ಇಂಥ ದೋಷಗಳ ಲಕ್ಷಣ. ಪಿಸಿಎಸ್‌ಎಕ್ಸ್2 ಸಿಮ್ಯುಲೇಟರ್ ಇದಕ್ಕಾಗಿ ಬೆಲೆಗಳನ್ನು ಮಿತಿಯೊಳಗೆ ಹಿಡಿದಿಡುವ ಹಲವು ಹಂತಗಳ ಆಯ್ಕೆಗಳನ್ನು ಇಟ್ಟುಕೊಂಡಿದೆ. ಯಾವ ಆಟಕ್ಕೆ ಯಾವ ಹಂತ ಎಂಬುದನ್ನು ಆಟವಾರು ಪಟ್ಟಿಯಲ್ಲಿ ದಾಖಲಿಸಿದೆ.

ಗೇಮ್‌ಕ್ಯೂಬ್ ಮತ್ತು ವೀ ಕನ್ಸೋಲ್‌ಗಳ ಸಿಮ್ಯುಲೇಟರ್ ಡಾಲ್ಫಿನ್‌ನಲ್ಲಿ ಇದಕ್ಕಿಂತ ಸೂಕ್ಷ್ಮವಾದ ಸಂಗತಿಯಿದೆ. ಅವುಗಳ ಪವರ್‌ಪಿಸಿ ಪ್ರೊಸೆಸರ್ ಏಕ ನಿಖರತೆಯ ಗುಣಾಕಾರದಲ್ಲಿ ಒಂದು ಗುಣಕವನ್ನು ಮೊದಲೇ 25 ಬಿಟ್‌ಗಳಿಗೆ ರೌಂಡ್ ಮಾಡಿಕೊಳ್ಳುತ್ತದೆ. ಇದನ್ನು ಅನುಕರಿಸದಿದ್ದರೆ ತಪ್ಪು ಬರುವುದು ಕೊನೆಯ ಬಿಟ್‌ನಲ್ಲಿ ಮಾತ್ರ. ಆದರೆ ಆಟಗಾರನ ಒತ್ತುಗುಂಡಿಗಳ ದಾಖಲೆಯಿಂದ ಒಂದು ವಾಹನ ಓಟವನ್ನು ಮರುಕಳಿಸುವಾಗ ಆ ಒಂದು ಬಿಟ್ ಚೌಕಟ್ಟಿನಿಂದ ಚೌಕಟ್ಟಿಗೆ ಬೆಳೆಯುತ್ತದೆ, ವಾಹನ ದಾರಿ ತಪ್ಪಿ ಗೋಡೆಗೆ ಬಡಿಯುತ್ತದೆ. ಕೊನೆಯ ಬಿಟ್ ಮುಖ್ಯವೇ ಎಂದು ಕೇಳುವವರಿಗೆ ಇದು ನೇರ ಉತ್ತರ.

ಸಮಯದ ಮಾದರಿ

ಸಿಮ್ಯುಲೇಟರಿನ ಉದ್ದೇಶ ವೇಗದ ಅಂದಾಜಾದರೆ ಪ್ರತಿ ಕ್ರಿಯೆಗೂ ಎರಡು ಸಂಖ್ಯೆಗಳು ಬೇಕು. ಉತ್ತರ ಬರಲು ಎಷ್ಟು ಕ್ಲಾಕ್ ಸೈಕಲ್ ಎಂಬುದು ಲೇಟೆನ್ಸಿ. ಅದೇ ಘಟಕಕ್ಕೆ ಮುಂದಿನ ಕೆಲಸವನ್ನು ಎಷ್ಟು ಸೈಕಲ್ ಬಿಟ್ಟು ಕೊಡಬಹುದು ಎಂಬುದು ಎರಡನೆಯದು. 4 ಸೈಕಲ್ ಲೇಟೆನ್ಸಿಯ, ಪ್ರತಿ ಸೈಕಲ್‌ಗೂ ಹೊಸ ಕೆಲಸ ಹಿಡಿಯಬಲ್ಲ ಗುಣಾಕಾರ ಘಟಕದಲ್ಲಿ ಒಂದರ ಉತ್ತರವನ್ನು ಇನ್ನೊಂದು ಕಾಯುವ 100 ಗುಣಾಕಾರಗಳಿಗೆ 400 ಸೈಕಲ್ ಬೇಕು. ಒಂದಕ್ಕೊಂದು ಸಂಬಂಧವಿಲ್ಲದ 100 ಗುಣಾಕಾರಗಳು 103 ಸೈಕಲ್‌ಗಳಲ್ಲಿ ಮುಗಿಯುತ್ತವೆ. ಭಾಗಾಕಾರದ ಘಟಕ ಸಾಮಾನ್ಯವಾಗಿ ಪೈಪ್‌ಲೈನ್ ಆಗಿರುವುದಿಲ್ಲ, ಅಂದರೆ ಒಂದು ಕೆಲಸ ಮುಗಿಯುವ ಮೊದಲು ಇನ್ನೊಂದನ್ನು ಹಿಡಿಯುವುದಿಲ್ಲ. ಅದರ ಲೇಟೆನ್ಸಿ 12 ಸೈಕಲ್ ಆದರೆ ಪರಸ್ಪರ ಸಂಬಂಧವಿಲ್ಲದ 10 ಭಾಗಾಕಾರಗಳಿಗೂ 120 ಸೈಕಲ್ ಹಿಡಿಯುತ್ತದೆ.

ಹೆನೆಸಿ ಮತ್ತು ಪ್ಯಾಟರ್ಸನ್ ಅವರ ಪ್ರಸಿದ್ಧ ಪಠ್ಯದ ಮಿಪ್ಸ್ ಪೈಪ್‌ಲೈನಿನಲ್ಲಿ ಸಂಕಲನಕ್ಕೆ 4 ಹಂತ, ಗುಣಾಕಾರಕ್ಕೆ 7 ಹಂತ. ಭಾಗಾಕಾರಕ್ಕೆ ಪೈಪ್‌ಲೈನ್ ಇಲ್ಲ. ಗುಣಾಕಾರ ಆರಂಭವಾದ 3 ಸೈಕಲ್‌ಗಳ ನಂತರ ಸಂಕಲನ ಆರಂಭವಾದರೆ ಎರಡೂ ಒಂದೇ ಸೈಕಲ್‌ನಲ್ಲಿ ಮುಗಿದು ರಿಜಿಸ್ಟರಿಗೆ ಬರೆಯಲು ಪೈಪೋಟಿ ನಡೆಸುತ್ತವೆ. ಬರೆಯುವ ಬಾಗಿಲು ಒಂದೇ ಇದ್ದರೆ ಒಂದು ಕಾಯಲೇಬೇಕು. ಈ ಪೈಪೋಟಿಯನ್ನು ಎಣಿಸದ ಮಾದರಿ ನಿಜಕ್ಕಿಂತ ವೇಗದ ಯಂತ್ರವನ್ನು ತೋರಿಸುತ್ತದೆ.

ಇನ್‌ಸ್ಟ್ರಕ್ಷನ್‌ಗಳನ್ನು ಕ್ರಮ ಬಿಟ್ಟು ನಡೆಸುವ ಇಂದಿನ ಪ್ರೊಸೆಸರ್‌ಗಳ ಮುಖ್ಯ ಮೂಲವೊಂದು ಫ್ಲೋಟಿಂಗ್ ಪಾಯಿಂಟ್ ಘಟಕದಲ್ಲಿದೆ. ಐಬಿಎಂ ಸಿಸ್ಟಂ/360 ಮಾಡೆಲ್ 91ರ ಈ ಘಟಕಕ್ಕಾಗಿಯೇ ರಾಬರ್ಟ್ ಟೊಮಸುಲೊ ತಮ್ಮ ವಿಧಾನವನ್ನು ರೂಪಿಸಿ 1967ರಲ್ಲಿ ಪ್ರಕಟಿಸಿದರು. ಅದರ ಸಂಕಲನ ಘಟಕದ ಮುಂದೆ 3, ಗುಣಾಕಾರ-ಭಾಗಾಕಾರ ಘಟಕದ ಮುಂದೆ 2 ಕಾಯುವ ತಾಣಗಳಿದ್ದವು. ಸಂಕಲನಕ್ಕೆ 2 ಸೈಕಲ್, ಗುಣಾಕಾರಕ್ಕೆ 3, ಭಾಗಾಕಾರಕ್ಕೆ 12. ಬೇಕಾದ ಬೆಲೆಗಳು ಬಂದು ಸೇರುವ ತನಕ ಇನ್‌ಸ್ಟ್ರಕ್ಷನ್ ತನ್ನ ತಾಣದಲ್ಲಿ ಕಾಯುತ್ತದೆ, ಉತ್ತರಗಳು ಎಲ್ಲರೂ ಕೇಳಬಲ್ಲ ಒಂದೇ ಬಸ್‌ನಲ್ಲಿ ಹೊರಬರುತ್ತವೆ. ಇಂದಿನ ಸಿಮ್ಯುಲೇಟರ್‌ಗಳ ಕಾಲಮಾದರಿ ಇದೇ ರಚನೆಯ ವಿಸ್ತರಣೆ.

1990ರ ದಶಕದಲ್ಲಿ ವಿಸ್ಕಾನ್ಸಿನ್‌ನಲ್ಲಿ ಟಾಡ್ ಆಸ್ಟಿನ್ ರೂಪಿಸಿದ ಸಿಂಪಲ್‌ಸ್ಕೇಲರ್, ಕ್ರಮ ಬಿಟ್ಟು ನಡೆಸುವ ತನ್ನ ಮಾದರಿಯಲ್ಲಿ ಸಂಕಲನಕ್ಕೆ 2, ಗುಣಾಕಾರಕ್ಕೆ 4, ಭಾಗಾಕಾರಕ್ಕೆ 12, ವರ್ಗಮೂಲಕ್ಕೆ 24 ಸೈಕಲ್ ಎಂದು ಇಟ್ಟುಕೊಂಡಿತ್ತು. ಮಿಶಿಗನ್‌ನ ಎಂ5 ಮತ್ತು ವಿಸ್ಕಾನ್ಸಿನ್‌ನ ಜೆಮ್ಸ್ ಸೇರಿ ಆದ ಜೆಮ್5ರ ಪೂರ್ವನಿಗದಿ ಪಟ್ಟಿಯಲ್ಲೂ ಇವೇ 2, 4, 12, 24 ಕಾಣುತ್ತವೆ. ನಿಜವಾದ ಚಿಪ್‌ಗಳು ಈ ನಡುವೆ ಬೇರೆ ದಾರಿ ಹಿಡಿದಿವೆ. ಇಂಟೆಲ್‌ನ ಹ್ಯಾಸ್‌ವೆಲ್‌ನಲ್ಲಿ ಸಂಕಲನಕ್ಕೆ 3, ಗುಣಾಕಾರಕ್ಕೂ ಬೆಸೆದ ಕ್ರಿಯೆಗೂ 5 ಸೈಕಲ್ ಇದ್ದದ್ದು ಸ್ಕೈಲೇಕ್‌ನಲ್ಲಿ ಮೂರಕ್ಕೂ 4 ಆಯಿತು. ಪೂರ್ವನಿಗದಿ ಸಂಖ್ಯೆಗಳನ್ನು ಹಾಗೇ ಬಿಟ್ಟು, ಇದು ಇಂದಿನ ಪ್ರೊಸೆಸರಿನ ಅಂದಾಜು ಎಂದು ಪ್ರಬಂಧ ಬರೆಯುವುದು ದೊಡ್ಡ ತಪ್ಪು. ಸಂಕಲನಗಳ ಸರಪಣಿಯೇ ತುಂಬಿರುವ ಪ್ರೋಗ್ರಾಮಿನಲ್ಲಿ 2 ಮತ್ತು 4ರ ನಡುವಿನ ಅಂತರ ಓಟದ ಸಮಯವನ್ನೇ ಇಮ್ಮಡಿಸಬಲ್ಲದು.

ಲೇಟೆನ್ಸಿ ಸದಾ ಒಂದೇ ಇರುತ್ತದೆಂಬ ಭಾವನೆಯೂ ಸರಿಯಲ್ಲ. ಕೆಲವು ಭಾಗಾಕಾರ ಘಟಕಗಳು ಉತ್ತರ ಬೇಗ ತೀರಿದರೆ ಬೇಗ ಮುಗಿಸುತ್ತವೆ. ಹಲವು ಇಂಟೆಲ್ ಪ್ರೊಸೆಸರ್‌ಗಳಲ್ಲಿ ಸಬ್‌ನಾರ್ಮಲ್ ಎದುರಾದರೆ ಮೈಕ್ರೋಕೋಡ್ ನೆರವಿಗೆ ಬರಬೇಕಾಗಿ ಒಂದೇ ಕ್ರಿಯೆಗೆ ನೂರಕ್ಕೂ ಹೆಚ್ಚು ಸೈಕಲ್ ಹೋಗಬಹುದು. ಧ್ವನಿ ಸಂಸ್ಕರಣೆಯಲ್ಲಿ ಸದ್ದು ನಿಧಾನಕ್ಕೆ ಸೊನ್ನೆಯತ್ತ ಇಳಿಯುವಾಗ ಇಂಥ ಸಂಖ್ಯೆಗಳು ರಾಶಿ ರಾಶಿಯಾಗಿ ಹುಟ್ಟುತ್ತವೆ. ಸ್ಥಿರ ಲೇಟೆನ್ಸಿಯ ಮಾದರಿಗೆ ಈ ನಿಧಾನ ಕಾಣುವುದೇ ಇಲ್ಲ.

ಕಾರ್ಯ ಮತ್ತು ಕಾಲ ಸೇರುವ ಜಾಗ

ಸಿಂಪಲ್‌ಸ್ಕೇಲರ್ ಇನ್‌ಸ್ಟ್ರಕ್ಷನ್ ಒಳಬಂದ ಹಂತದಲ್ಲೇ ಉತ್ತರ ಲೆಕ್ಕ ಹಾಕಿಬಿಡುತ್ತದೆ, ಆಮೇಲೆ ನಡೆಯುವುದು ಸಮಯದ ಎಣಿಕೆ ಮಾತ್ರ. ಜೆಮ್5ರ ಕ್ರಮ ಬಿಟ್ಟು ನಡೆಸುವ ಮಾದರಿ ಇನ್‌ಸ್ಟ್ರಕ್ಷನ್ ನಿಜವಾಗಿ ಘಟಕಕ್ಕೆ ಹೋದಾಗಲೇ ಲೆಕ್ಕ ಮಾಡುತ್ತದೆ. ಎರಡನೆಯದು ಕಷ್ಟ, ಆದರೆ ದೋಷಗಳು ಅದರಲ್ಲಿ ಅಡಗಿ ಕೂರುವುದಿಲ್ಲ.

ಹೀಗೆ ಕಾರ್ಯ ಮತ್ತು ಕಾಲಗಳನ್ನು ಜೋಡಿಸುವ ಕೆಲಸಕ್ಕೆ ರಿಸ್ಕ್-ಫೈವ್ ಒಳ್ಳೆಯ ಅಭ್ಯಾಸಕ್ಷೇತ್ರ. ಅದರ ನಿಯಂತ್ರಣ ರಿಜಿಸ್ಟರಿನಲ್ಲಿ ಕೆಳಗಿನ 5 ಬಿಟ್ ಫ್ಲ್ಯಾಗ್‌ಗಳಿಗೆ, ಅವುಗಳ ಮೇಲಿನ 3 ಬಿಟ್ ರೌಂಡಿಂಗ್ ವಿಧಾನಕ್ಕೆ. ಫ್ಲೋಟಿಂಗ್ ಪಾಯಿಂಟ್ ದೋಷಕ್ಕೆ ಈ ಪ್ರೊಸೆಸರ್ ಕೆಲಸ ನಿಲ್ಲಿಸುವುದಿಲ್ಲ, ಫ್ಲ್ಯಾಗ್ ಎತ್ತಿ ಮುಂದೆ ಸಾಗುತ್ತದೆ. ಕವಲುದಾರಿಯ ಊಹೆ ತಪ್ಪಿ ನಡೆದ ಒಂದು ಭಾಗಾಕಾರ ಸೊನ್ನೆಯಿಂದ ಭಾಗಿಸಿತು ಎಂದುಕೊಳ್ಳಿ. ಲೆಕ್ಕ ಮಾಡಿದ ಕ್ಷಣದಲ್ಲೇ ಫ್ಲ್ಯಾಗ್ ಎತ್ತಿದರೆ, ಎಂದೂ ನಡೆಯದ ಇನ್‌ಸ್ಟ್ರಕ್ಷನ್‌ನ ಗುರುತು ಪ್ರೋಗ್ರಾಮಿಗೆ ಕಾಣಿಸುತ್ತದೆ. ಆದ್ದರಿಂದ ಫ್ಲ್ಯಾಗ್‌ಗಳನ್ನು ಇನ್‌ಸ್ಟ್ರಕ್ಷನ್‌ನ ಜೊತೆಗೇ ಇಟ್ಟುಕೊಂಡು, ಅದು ಕ್ರಮದಲ್ಲಿ ಅಂತಿಮಗೊಂಡಾಗ ಮಾತ್ರ ಸೇರಿಸಬೇಕು. ರೌಂಡಿಂಗ್ ವಿಧಾನ ಬದಲಾದಾಗ ನಂತರದ ಇನ್‌ಸ್ಟ್ರಕ್ಷನ್‌ಗಳು ಹೊಸದನ್ನೇ ನೋಡುವಂತೆ ಕಾಯಿಸಬೇಕು. 32 ಬಿಟ್ ಬೆಲೆಯನ್ನು 64 ಬಿಟ್ ರಿಜಿಸ್ಟರಿನಲ್ಲಿ ಇಡುವಾಗ ಮೇಲಿನ ಬಿಟ್‌ಗಳೆಲ್ಲ 1 ಆಗಿರಬೇಕು, ಇಲ್ಲದಿದ್ದರೆ ಅದನ್ನು ನ್ಯಾನ್ ಎಂದೇ ಓದಬೇಕು. ಕನಿಷ್ಠ ಹಾಗೂ ಗರಿಷ್ಠ ಬೆಲೆ ಆರಿಸುವ ಇನ್‌ಸ್ಟ್ರಕ್ಷನ್‌ಗಳ ನಿಯಮ ರಿಸ್ಕ್-ಫೈವ್‌ನ ಫ್ಲೋಟಿಂಗ್ ಪಾಯಿಂಟ್ ವಿಸ್ತರಣೆಯ 2.2 ಆವೃತ್ತಿಯಲ್ಲಿ ಬದಲಾದ ಕಾರಣ, ಸಿಮ್ಯುಲೇಟರ್ ಯಾವ ಆವೃತ್ತಿಯನ್ನು ಅನುಸರಿಸುತ್ತದೆ ಎಂಬುದನ್ನೂ ಹೇಳಬೇಕಾಗುತ್ತದೆ.

ಪೆಂಟಿಯಂ ಭಾಗಾಕಾರ ದೋಷ ಮತ್ತು ಪರೀಕ್ಷೆ

1994ರಲ್ಲಿ ವರ್ಜೀನಿಯಾದ ಲಿಂಚ್‌ಬರ್ಗ್ ಕಾಲೇಜಿನ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಇಂಟೆಲ್ ಪೆಂಟಿಯಂ ಕೆಲವು ಭಾಗಾಕಾರಗಳನ್ನು ತಪ್ಪಾಗಿ ಮಾಡುತ್ತದೆಂದು ಕಂಡುಹಿಡಿದರು. 4195835ನ್ನು 3145727ರಿಂದ ಭಾಗಿಸಿದರೆ 1.333820449 ಬರಬೇಕಿತ್ತು, ದೋಷದ ಚಿಪ್ 1.333739068 ಕೊಡುತ್ತಿತ್ತು. ಪ್ರತಿ ಹೆಜ್ಜೆಗೆ ಉತ್ತರದ 2 ಬಿಟ್ ಊಹಿಸುವ ಎಸ್‌ಆರ್‌ಟಿ ವಿಧಾನದ ಕೋಷ್ಟಕದಲ್ಲಿ 5 ನಮೂದುಗಳು ಬಿಟ್ಟುಹೋಗಿದ್ದವು. ಇಂಥ ತಪ್ಪು ಯಾದೃಚ್ಛಿಕ ಸಂಖ್ಯೆಗಳ 900 ಕೋಟಿ ಭಾಗಾಕಾರಗಳಲ್ಲಿ ಒಂದರಲ್ಲಿ ಬರುತ್ತದೆಂದು ಇಂಟೆಲ್ ಹೇಳಿತು. ಚಿಪ್‌ಗಳ ಬದಲಾವಣೆಗೆ ಕಂಪನಿ ತನ್ನ ಲೆಕ್ಕದಲ್ಲಿ 47.5 ಕೋಟಿ ಡಾಲರ್ ತೆಗೆದಿರಿಸಬೇಕಾಯಿತು.

ಹೋಸ್ಟ್‌ನ ಭಾಗಾಕಾರವನ್ನೇ ಎರವಲು ಪಡೆದ, ಅಥವಾ ಸಾಫ್ಟ್‌ಫ್ಲೋಟ್ ಬಳಸಿದ ಯಾವ ಮಾದರಿಯೂ ಈ ದೋಷವನ್ನು ತೋರಿಸಲಾರದು, ಏಕೆಂದರೆ ಅದರಲ್ಲಿ ಆ ಕೋಷ್ಟಕವೇ ಇಲ್ಲ. ಅಂಥ ಮಾದರಿಗೆ ಸರಿಯುತ್ತರ ಹೇಳುವ ಪ್ರಮಾಣದ ಸ್ಥಾನವಿದೆ. ತಪ್ಪು ಹಿಡಿಯಬೇಕಾದರೆ ನಿಜವಾದ ಸರ್ಕ್ಯೂಟ್ ವಿವರಣೆಯನ್ನು ವೆರಿಲೇಟರ್‌ನಂಥ ಸಾಧನದಲ್ಲಿ ಓಡಿಸಿ, ಎರಡರ ಉತ್ತರಗಳನ್ನು ಬಿಟ್‌ಬಿಟ್ಟಾಗಿ ಹೋಲಿಸಬೇಕು. 16 ಬಿಟ್ ರೂಪದಲ್ಲಿ ಎಲ್ಲ ಜೋಡಿಗಳನ್ನೂ ಪರೀಕ್ಷಿಸಬಹುದು, ಅವು ಸುಮಾರು 430 ಕೋಟಿ. 32 ಬಿಟ್ ವರ್ಗಮೂಲಕ್ಕೂ ಅಷ್ಟೇ ಸಂಖ್ಯೆಗಳು ಸಾಕು. 64 ಬಿಟ್ ಜೋಡಿಗಳ ಸಂಖ್ಯೆ 2ರ 128ನೆಯ ಘಾತವಾದ್ದರಿಂದ ಅಲ್ಲಿ ಗಣಿತದ ರುಜುವಾತೇ ಬೇಕು. 1990ರ ದಶಕದ ನಡುವೆ ಎಎಂಡಿಯ ಕೆ5 ಪ್ರೊಸೆಸರಿನ ಭಾಗಾಕಾರ ಸರಿಯೆಂದು ಎಸಿಎಲ್2 ಸಾಧನದಿಂದ ರುಜುವಾತುಪಡಿಸಲಾಯಿತು. ಇಂಟೆಲ್‌ನಲ್ಲಿ ಜಾನ್ ಹ್ಯಾರಿಸನ್ ಎಚ್‌ಒಎಲ್ ಲೈಟ್ ಬಳಸಿ ಇದೇ ಹಾದಿಯಲ್ಲಿ ಕೆಲಸ ಮಾಡಿದರು.

ಹೊಸ ಅಂಕರೂಪಗಳು

ಕೃತಕ ಬುದ್ಧಿಮತ್ತೆಯ ಲೆಕ್ಕಗಳು ಸಣ್ಣ ರೂಪಗಳನ್ನು ತಂದಿವೆ. ಗೂಗಲ್ ಬಳಕೆಗೆ ತಂದ ಬಿಫ್ಲೋಟ್16ರಲ್ಲಿ 8 ಬಿಟ್ ಘಾತ, 7 ಬಿಟ್ ಭಿನ್ನಭಾಗ. 8 ಬಿಟ್ ರೂಪಗಳಲ್ಲಿ ಘಾತಕ್ಕೆ 4 ಮತ್ತು ಭಿನ್ನಭಾಗಕ್ಕೆ 3, ಅಥವಾ 5 ಮತ್ತು 2 ಎಂಬ ಎರಡು ಹಂಚಿಕೆಗಳಿವೆ; ಮೊದಲನೆಯದರಲ್ಲಿ ಅನಂತಕ್ಕೆ ಜಾಗವೇ ಇಲ್ಲ. ಎನ್‌ವಿಡಿಯಾದ ಟೆನ್ಸರ್ ಕೋರ್‌ಗಳ ಒಳಲೆಕ್ಕ ಮಾನಕದ ರೌಂಡಿಂಗನ್ನು ಅನುಸರಿಸದೆ ಬಿಟ್‌ಗಳನ್ನು ಕತ್ತರಿಸಿ ಬಿಡುತ್ತದೆ ಎಂಬುದನ್ನು ಮ್ಯಾಸಿಮಿಲಿಯಾನೊ ಫಾಸಿ, ನಿಕೊಲಸ್ ಹೈಯಮ್ ಮತ್ತು ಸಂಗಡಿಗರು ಪರೀಕ್ಷಾ ಸಂಖ್ಯೆಗಳಿಂದಲೇ ಪತ್ತೆ ಮಾಡಿ 2021ರಲ್ಲಿ ಪ್ರಕಟಿಸಿದರು. ತಯಾರಕರು ಬಿಚ್ಚಿ ಹೇಳದ ವಿವರವನ್ನು ಹೊರಗಿನಿಂದ ಅಳೆದು ತಿಳಿಯುವ ಈ ಕೆಲಸ ಸಿಮ್ಯುಲೇಟರ್ ಬರೆಯುವವರಿಗೆ ಮಾಡಿದ ದೊಡ್ಡ ಉಪಕಾರ.

ಭಾರತದಲ್ಲಿ ಮದ್ರಾಸ್ ಐಐಟಿಯ ಶಕ್ತಿ ಮತ್ತು ಸಿ-ಡ್ಯಾಕ್‌ನ ವೇಗ ಪ್ರೊಸೆಸರ್‌ಗಳು ರಿಸ್ಕ್-ಫೈವ್ ಮೇಲೆ ನಿಂತಿವೆ. ಬೆಂಗಳೂರಿನಲ್ಲಿ ಇಂಟೆಲ್, ಎಎಂಡಿ, ಆರ್ಮ್ ಸಂಸ್ಥೆಗಳ ವಿನ್ಯಾಸ ಕೇಂದ್ರಗಳಿವೆ. ಈ ಕ್ಷೇತ್ರಕ್ಕೆ ಬರಬಯಸುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ದೊಡ್ಡ ಸಿಮ್ಯುಲೇಟರಿಗೆ ಕೈಹಾಕುವ ಮೊದಲು 16 ಬಿಟ್ ರೂಪದ ಸಂಕಲನವೊಂದನ್ನು ಪೂರ್ಣಾಂಕಗಳಿಂದಲೇ, ಫ್ಲ್ಯಾಗ್‌ಗಳ ಸಮೇತ, ತಾವೇ ಬರೆಯಲಿ. ಸ್ಪೈಕ್, ಸಾಫ್ಟ್‌ಫ್ಲೋಟ್, ಟೆಸ್ಟ್‌ಫ್ಲೋಟ್ ಎಲ್ಲವೂ ಉಚಿತವಾಗಿ ಸಿಗುತ್ತವೆ. ಬರೆದದ್ದನ್ನು ಅವುಗಳ ಉತ್ತರದೊಂದಿಗೆ ಎಲ್ಲ ಜೋಡಿಗಳಿಗೂ ಹೋಲಿಸಿ ನೋಡಲು ಒಂದು ಸಾಮಾನ್ಯ ಲ್ಯಾಪ್‌ಟಾಪ್ ಸಾಕು.